ಕಿವುಡುಬೆಟ್ಟದ ಐದು ಕಲ್ಲು

ಪಿಯೆತ್ರಾಮೋರಾ
ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಇಳಿಬೇಸಿಗೆಯ ಮೂವತ್ತೊಂದನೆಯ ದಿನ

ಅಜ್ಜಿ ನಾಗವೇಣಿಗೆ ಕೆಂಚವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ಓದಿ ನಗಬೇಡ. ನಿನ್ನ ಕಾಲದಲ್ಲಿ ಬೇಸಿಗೆ ಒಂದೇ ಇತ್ತಂತೆ, ನಮಗೆ ಎರಡು. ಬಯಲಿನ ಜನ ಸೆಕೆ ತಾಳಲಾರದೆ ಬೆಟ್ಟ ಹತ್ತಿ ಬರುವುದು ಹತ್ತುಬೇಸಿಗೆ. ಅವರೆಲ್ಲ ಹಾಸಿಗೆ ಸುತ್ತಿಕೊಂಡು ವಾಪಸು ಹೋಗುವುದು ಇಳಿಬೇಸಿಗೆ. ನನ್ನ ಕನ್ನಡವೂ ನಿನ್ನ ಕಿವಿಗೆ ಒಂದು ಥರಾ ಕೇಳಿಸೀತು. ಇದು ಇನ್ನೂರು ವರ್ಷ ಹತ್ತಿರ ಅಡುಗೆಮನೆಯಲ್ಲಿ, ಕುರಿಹಟ್ಟಿಯಲ್ಲಿ, ಅಣ್ಣತಮ್ಮಂದಿರ ಜಗಳದಲ್ಲಿ ಉಳಿದುಬಂದ ಭಾಷೆ. ಹೊಸದೇನಾದರೂ ಎದುರಾದಾಗ ನಾವೇ ಅದಕ್ಕೊಂದು ಹೆಸರು ಕಟ್ಟಿಕೊಂಡೆವು. ನಿನಗೆ ತಿಳಿಯದ ಕಡೆ ಬಿಡಿಸಿ ಹೇಳುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ನಮ್ಮಲ್ಲಿ ಅಜ್ಜಿಯನ್ನು ಬಹುವಚನದಲ್ಲಿ ಕರೆದರೆ ಅಜ್ಜಿಗೇ ಕೋಪ ಬರುತ್ತದೆ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಗೋಡೆಯ ಮೇಲಿನ ಚಿತ್ರದಲ್ಲಿ ನಿನಗೆ ಮೂವತ್ತು ತುಂಬಿದಂತಿಲ್ಲ, ನಾನೋ ಎಪ್ಪತ್ತು ದಾಟಿದವಳು. ಹಾಗಾಗಿ ಒಮ್ಮೊಮ್ಮೆ ಗದರಿದಂತೆ ಕೇಳಿಸಿದರೆ ಅದು ವಯಸ್ಸಿನ ದೋಷ. ಕೆಂಚವ್ವ ಎಂಬ ಹೆಸರು ಕೇಳಿ ನಿನ್ನ ಕಾಲದ ಹುಡುಗಿಯರು ನಗುತ್ತಿದ್ದರೆಂದು ಕೇಳಿದ್ದೇನೆ. ಈಗ ಅದು ಬಲು ನಾಜೂಕಿನ ಹೆಸರು. ಊರಿನ ಇಟಲಿಯವರೂ ತಮ್ಮ ಹೆಣ್ಣುಮಕ್ಕಳಿಗೆ ಇಡುತ್ತಾರೆ.

ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ನಾಳೆ ಬೆಳಕು ಹರಿಯುತ್ತಲೇ ಕಿವುಡುಬೆಟ್ಟ ಹತ್ತಿ, ಅದರ ತುದಿಯಲ್ಲಿ ನೀನು ಒಂದರ ಮೇಲೊಂದು ಇಟ್ಟ ಐದು ಕಲ್ಲುಗಳನ್ನು ಕೆಡವಬೇಕೆಂದಿದ್ದೇನೆ. ಆ ಕಲ್ಲುಗಳನ್ನು ನಂಬಿ ಒಬ್ಬ ಮನುಷ್ಯ ಸತ್ತ. ಅವನು ನಮ್ಮ ಪಕ್ಕದ ಮನೆಯ ಅಸ್ಸೂಂತಾಳ ಅಳಿಯ, ಎಲ್ವಿಯೋ. ಕೆಡವಕೂಡದು ಎನ್ನುತ್ತಾನೆ ನನ್ನ ಅಣ್ಣ ಬೋರಣ್ಣ. ಒಂದೇ ಸೂರಿನ ಕೆಳಗಿದ್ದುಕೊಂಡು ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಎತ್ತು ಏರಿಗೆ, ಕೋಣ ನೀರಿಗೆ. ಯಾರು ಎತ್ತು ಯಾರು ಕೋಣ ಎಂಬುದನ್ನು ನೀನೇ ತೀರ್ಮಾನಿಸು. ಕೆಡವುವ ಮೊದಲು ಇಟ್ಟವಳಿಗೆ ಹೇಳಬೇಕು ಅನ್ನಿಸಿತು, ಅದಕ್ಕೇ ಈ ಕಾಗದ. ಇದು ನಿನಗೆ ಹೇಗೆ ಮುಟ್ಟುತ್ತದೋ ಗೊತ್ತಿಲ್ಲ. ಹಿರಿಯರ ಹಬ್ಬದ ಎಡೆ ಮುಟ್ಟುತ್ತದೆ ಎಂದು ನಂಬಿದವರಿಗೆ ಕಾಗದ ಮುಟ್ಟುವುದು ದೊಡ್ಡ ವಿಷಯವಲ್ಲ.

ಈಗ ನೆರಳುಪಾಳಿಯ ಹೊತ್ತು. ಬಿಸಿಲು ನೆತ್ತಿಗೇರಿದಾಗ ಊರಿನವರೆಲ್ಲ ಕಲ್ಲುಮನೆಗಳ ಬಡಗಣ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಬೇಕು, ಇಳಿಹೊತ್ತಿನವರೆಗೆ ಒಲೆ ಹಚ್ಚುವಂತಿಲ್ಲ, ಕುರಿ ಬಿಡುವಂತಿಲ್ಲ. ಜಗಳವನ್ನೂ ಆಡಬಾರದೆಂದು ಕಟ್ಟಳೆ, ಏಕೆಂದರೆ ಮೈ ಕಾವೇರುತ್ತದೆ. ಬೆಳಗಿನ ಕೆಲಸವೆಂದರೆ ಮಂಜುಬಲೆಗಳದ್ದು. ಬೆಟ್ಟದ ಹೆಗಲಮೇಲೆ ಗಳುಗಳ ನಡುವೆ ಕಟ್ಟಿದ ಅಗಲವಾದ ಬಲೆಗಳು ಅವು. ರಾತ್ರಿಯ ಮಂಜು ಅದರಲ್ಲಿ ಸಿಕ್ಕಿ ಹನಿಹನಿಯಾಗಿ ಕೆಳಗಿನ ಬಾನಿಗೆ ಇಳಿಯುತ್ತದೆ, ಊರು ಕುಡಿಯುವುದು ಅದನ್ನೇ. ಮೆಟ್ಟಿಲುಗದ್ದೆಗಳಲ್ಲಿ ನಿಮ್ಮ ಸೀಮೆಯ ರಾಗಿ ಬೆಳೆಯುತ್ತೇವೆ. ಇಲ್ಲಿಯ ಗೋಧಿ ಕೈಕೊಟ್ಟ ಮೇಲೆ ಊರು ಉಳಿದದ್ದು ರಾಗಿಯಿಂದ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ಅಸ್ಸೂಂತಾಳ ಮನೆಯವರಿಗೆ ನಾಲ್ಕು ತಲೆಮಾರಿನಿಂದ ಹೇಳುತ್ತ ಬಂದಿದ್ದೇವೆ. ಇವತ್ತಿಗೂ ಅವರು ಅಗಿಯುತ್ತಾರೆ. ಅಗಿದು, ಹಲ್ಲಿಗೆ ಅಂಟಿಕೊಂಡಿತೆಂದು ನಮ್ಮನ್ನೇ ಬೈಯುತ್ತಾರೆ.

ನಿನ್ನ ಕಾಲದ ಒಂದು ಸಂಗತಿ ಮಾತ್ರ ನಮಗೆ ಇಂದಿಗೂ ಬಿಡಿಸಲಾಗದ ಒಗಟು. ನೀನು ಹಿರಿಯೂರಿನಿಂದ ಇಟಲಿಗೆ ಬಂದು ಕೆಳಗಿನ ಪೇಟೆಯಲ್ಲಿ ವೃದ್ಧಾಶ್ರಮದ ನರ್ಸ್ ಆಗಿ ದುಡಿಯುತ್ತಿದ್ದೆ, ವಾರಕ್ಕೆ ಸಿಗುವ ಒಂದು ರಜೆಯಲ್ಲಿ ಈ ಬೆಟ್ಟ ಹತ್ತಿದೆ. ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಮೇಲೆ ಕುರಿಯೂ ಇರಲಿಲ್ಲ, ನೀರೂ ಇರಲಿಲ್ಲ. ಖುಷಿಗಾಗಿ ಹತ್ತಿದೆಯಂತೆ! ನಿನ್ನಂಥವರು ಸಾವಿರಾರು ಮಂದಿ ದೂರದೂರದಿಂದ ಬಂದು ಈ ಸೀಮೆಯ ಒಂದೊಂದು ತುದಿಯನ್ನೂ ಹತ್ತಿ, ಬುತ್ತಿ ಉಂಡು, ಚಿತ್ರ ತೆಗೆಸಿಕೊಂಡು ಇಳಿದು ಹೋಗುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಗೊತ್ತಿದ್ದೂ ನೀನು ಹತ್ತಿರ ಹೋದೆ. ನಿನ್ನ ಚಲಿಸುವ ಚಿತ್ರವೊಂದು ನಮ್ಮಲ್ಲಿತ್ತು. ಅದು ನಿಂತುಹೋಗಿ ಬಹಳ ಕಾಲವಾಯಿತು, ಆದರೆ ನನ್ನ ತಾಯಿ ಚಿಕ್ಕಂದಿನಲ್ಲಿ ನೋಡಿದ್ದಳು. ಅದರಲ್ಲಿ ನೀನು ತುದಿ ಮುಟ್ಟಿದ ಕೂಡಲೇ ಬಾಟಲಿ ತೆರೆದು, ಕುಡಿಯುವ ನೀರಿನಲ್ಲಿ ಮುಖ ತೊಳೆದುಕೊಳ್ಳುತ್ತೀಯಂತೆ. ಆ ಭಾಗ ಬಂದಾಗಲೆಲ್ಲ ನೋಡುತ್ತಿದ್ದವರು ಉಸಿರು ಬಿಗಿಹಿಡಿಯುತ್ತಿದ್ದರಂತೆ.

ನಾವು ಹತ್ತುವುದು ಹಾಗಲ್ಲ. ಹತ್ತುಬೇಸಿಗೆಯಲ್ಲಿ ಕರಾವಳಿಯಿಂದ ಏರುಮಂದಿ ಬರುತ್ತಾರೆ, ಅಂದರೆ ಸೆಕೆಗೆ ಮನೆ ಬಿಟ್ಟವರು. ಮುದುಕರನ್ನು ಬೆನ್ನಮೇಲೆ, ಪಾತ್ರೆಪಡಗವನ್ನು ತಲೆಯಮೇಲೆ ಹೊತ್ತು, ಕಣಿವೆಯಿಂದ ಹೆಗಲಿಗೆ, ಹೆಗಲಿನಿಂದ ಏಣು ಎಂಬ ಬೆಟ್ಟದ ಬೆನ್ನಿಗೆ, ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಹಳೆಯ ರಸ್ತೆಗಳು ಕುಸಿದಿವೆ, ಹಾಗಾಗಿ ಶಿಖರಗಳ ಮೇಲಿನ ಕಾಲುಹಾದಿಯೇ ಈಗ ಹೆದ್ದಾರಿ. ನಡುವೆ ಬಿಳಿಗತ್ತಲೆ ಕವಿಯುತ್ತದೆ. ಕಡಲಿನಾಚೆಯ ಮರಳುಗಾಡಿನ ಧೂಳು ಮೋಡದೊಡನೆ ಕಲಸಿ ಬರುವುದನ್ನು ಹಾಗೆ ಕರೆಯುತ್ತೇವೆ. ಅದರೊಳಗೆ ಚಾಚಿದ ಕೈ ಕಾಣುವುದಿಲ್ಲ. ಕಿವುಡುಬೆಟ್ಟದಲ್ಲಂತೂ ಕೂಗಿದ ಕೂಗು ತಿರುಗಿ ಬರುವುದಿಲ್ಲ, ಆ ಹೆಸರು ಬಂದದ್ದೇ ಅದರಿಂದ.

ಅಂಥಲ್ಲಿ ಜನ ನಂಬುವುದು ಒಂದನ್ನೇ. ನಿನ್ನ ಕಾಲದಲ್ಲಿ ಬೆಟ್ಟ ಹತ್ತುವ ಸಂಘದವರು ಬಣ್ಣದ ಡಬ್ಬಿ ಹಿಡಿದು, ಬಂಡೆಬಂಡೆಗೂ ಕೆಂಪು ಬಿಳಿ ಪಟ್ಟೆ ಬಳಿದು ದಾರಿ ತೋರಿಸುತ್ತಿದ್ದರಲ್ಲ, ಆ ಗುರುತುಗಳನ್ನು. ಆ ಸಂಘ ಹೋಯಿತು, ಡಬ್ಬಿಯ ಬಣ್ಣ ಹೋಯಿತು. ಗುರುತುಗಳು ಮಾಸಿವೆ, ಆದರೂ ಅಲ್ಲಲ್ಲಿ ಉಳಿದಿವೆ. ಈ ಸೀಮೆಯಲ್ಲಿ ಮಾತು ಬಂದ ಎಲ್ಲರಿಗೂ ಮೊದಲು ಬಾಯಿಪಾಠ ಮಾಡಿಸುವುದು ಒಂದು ಸಾಲು: ಗುರುತು ಕಂಡರೆ ನಡೆ, ಕಾಣದಿದ್ದರೆ ಕೂರು. ಕೆಂಪು ಬಿಳಿ ಕಂಡಿತೋ, ಅದನ್ನು ಮುಟ್ಟಿ ಮುಂದಕ್ಕೆ ಹೆಜ್ಜೆ ಹಾಕಬಹುದು. ಕಾಣಲಿಲ್ಲವೋ, ಇದ್ದಲ್ಲೇ ಮಂಡಿ ಮಡಚಿ ಕೂತು, ಬಿಳಿಗತ್ತಲೆ ಹರಿಯುವವರೆಗೆ ಕಾಯಬೇಕು. ಒಂದು ಹಗಲು ಒಂದು ರಾತ್ರಿ ಕೂತೆದ್ದವರುಂಟು. ಕೂತವರು ಸತ್ತದ್ದನ್ನು ನಾನು ಕೇಳಿಲ್ಲ.

ಇನ್ನು ನಿನ್ನ ಕಲ್ಲುಗಳ ಕಥೆ. ಹರಕೆಯ ಗುಡ್ಡಗಳಲ್ಲಿ ಜನ ಕಲ್ಲಿನ ಮೇಲೆ ಕಲ್ಲಿಟ್ಟು ‘ನಮಗೂ ಒಂದು ಮನೆಯಾಗಲಿ’ ಎಂದು ಬೇಡಿಕೊಳ್ಳುವ ಪದ್ಧತಿ ನಿನ್ನೂರಿನ ಕಡೆ ಇತ್ತಲ್ಲವೇ? ಬಾಡಿಗೆಯ ಕೋಣೆಯಲ್ಲಿದ್ದ ನೀನು ಅದನ್ನೇ ಇಲ್ಲಿ ಮಾಡಿದೆ. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಆ ಚಲಿಸುವ ಚಿತ್ರದಲ್ಲಿ ನೀನಾಡಿದ ಮಾತು ನಮ್ಮ ಮನೆತನಕ್ಕೆ ಬಾಯಿಪಾಠ: “ಐದು ಕಲ್ಲು ಇಟ್ಟಿದೀನಿ ನೋಡಪ್ಪ. ಹಿರಿಯೂರಲ್ಲಿ ಒಂದು ಮನೆ ಆಗ್ಲಿ. ಅಲ್ಲಿ ಆಗ್ದಿದ್ರೆ ಇಲ್ಲೇ ಆಗ್ಲಿ.” ಹೀಗೆಂದು ನಕ್ಕೆಯಂತೆ. ಹಿರಿಯೂರಿನಲ್ಲಿ ಮನೆ ಆಗಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ, ನೀನು ಎರಡನೆಯದನ್ನು ಮಾತ್ರ ಇಲ್ಲಿ ಮಾಡಿ ನೋಡಿದೆ. ಮುಂದೆ ಕೆಳಗಿನ ಪೇಟೆ ಸೆಕೆಗೆ ಬರಿದಾದಾಗ ನಮ್ಮಜ್ಜ ಸಂಸಾರ ಕಟ್ಟಿಕೊಂಡು ಮೇಲಕ್ಕೆ ಬಂದು, ಪಿಯೆತ್ರಾಮೋರಾದ ಒಂದು ಪಾಳುಮನೆಯನ್ನು ಎತ್ತಿಕಟ್ಟಿದ. ಕಟ್ಟಿದ ಮೇಲೆ ಅವನಿಗೆ ನಿನ್ನ ಮಾತು ನೆನಪಾಯಿತು. ಚಿತ್ರ ಹಿಡಿದುಕೊಂಡು ಬೆಟ್ಟ ಹತ್ತಿದ, ನಿನ್ನ ಬೆನ್ನ ಹಿಂದೆ ಕಾಣುವ ದೂರದ ಏಣುಗಳ ಗೆರೆಯನ್ನು ತಾಳೆ ನೋಡಿದ, ಕಲ್ಲುಗುಡ್ಡೆಯನ್ನು ಹುಡುಕಿ ತೆಗೆದ. ಅಲ್ಲೇ ಕೂತು ಅತ್ತನಂತೆ. ಅವು ನೀನಿಟ್ಟ ಕಲ್ಲುಗಳೇ ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಬುಡದ ಮೂರಾದರೂ ನಿನ್ನವೇ ಇರಬಹುದು. ಅಂದಿನಿಂದ ಅದು ನಮಗೆ ಕಲ್ಲಜ್ಜಿ. ಹಿರಿಯರ ಹಬ್ಬದ ದಿನ ಅಲ್ಲಿಗೆ ಎಡೆ ಒಯ್ಯುತ್ತೇವೆ. ಊರವರೂ ಅಜ್ಜಿಯೆಂದೇ ಕರೆಯುತ್ತಾರೆ.

ಚಿತ್ರದಲ್ಲಿ ನಿನ್ನ ಹಿಂದೆ ಹತ್ತು ಜನ ಕೂತು ಉಣ್ಣುವಷ್ಟು ಅಗಲವಾದ ಹುಲ್ಲುಹಾಸಿದೆ. ಈಗ ಅದಿಲ್ಲ. ಇಪ್ಪತ್ತು ವರ್ಷದ ಹಿಂದೆ ಭೂಮಿ ನಡುಗಿ, ಬೆಟ್ಟದ ಆ ಮಗ್ಗುಲು ಕಳಚಿ ಕಣಿವೆಗೆ ಬಿತ್ತು. ನಿನ್ನ ಕಲ್ಲುಗಳಿಂದ ಒಂದು ಹೆಜ್ಜೆ ಆಚೆಗೆ ಈಗ ನೆಲವಿಲ್ಲ. ಕಲ್ಲುಗಳು ಮಾತ್ರ ನಿಂತಿದ್ದವು. ಐದೂ ನಿಂತಿದ್ದವು ಎಂದು ಬೋರಣ್ಣ ಹೇಳುತ್ತಾನೆ. ಮೇಲಿನ ಎರಡು ಉರುಳಿದ್ದನ್ನು ಅವನೇ ಎತ್ತಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇನೇ ಇರಲಿ, ಬೆಟ್ಟವೇ ಬಿದ್ದರೂ ಅಜ್ಜಿ ಬೀಳಲಿಲ್ಲ ಎಂದು ಊರೆಲ್ಲ ಕೈಮುಗಿಯಿತು. ಮರುವರ್ಷ ಬೋರಣ್ಣ ಹಳೆಯ ಚಿತ್ರವೊಂದರಲ್ಲಿ ನಿನ್ನ ನಾಡಿನ ಗುಡಿಯ ಗೋಡೆ ನೋಡಿದ. ಸುಣ್ಣ, ಕೆಮ್ಮಣ್ಣು, ಸುಣ್ಣ, ಕೆಮ್ಮಣ್ಣು ಎಂದು ಉದ್ದುದ್ದ ಪಟ್ಟೆ. ಅಜ್ಜಿಗೂ ಹಾಗೇ ಆಗಬೇಕೆಂದ. ಅಸ್ಸೂಂತಾ ತನ್ನ ಗೂಡಿನಲ್ಲಿ ಸುಟ್ಟ ಸುಣ್ಣ ಕೊಟ್ಟಳು, ಕೆಮ್ಮಣ್ಣು ತೊರೆಯ ದಂಡೆಯಲ್ಲಿ ಸಿಕ್ಕಿತು, ನಾನು ಕಲಸಿಕೊಟ್ಟೆ. ಅಂದಿನಿಂದ ಪ್ರತಿವರ್ಷ ಹಬ್ಬದ ಹಿಂದಿನ ದಿನ ಹೊಸದಾಗಿ ಬಳಿಯುತ್ತ ಬಂದೆವು. ಇಡೀ ಏಣಿನಲ್ಲಿ ಅಷ್ಟು ಚೊಕ್ಕವಾದ ಕೆಂಪು ಬಿಳಿ ಇನ್ನೊಂದಿರಲಿಲ್ಲ. ನಮ್ಮ ಕಣ್ಣಿಗೆ ಅದು ಗುಡಿಯ ಗೋಡೆ. ಊರವರ ಕಣ್ಣಿಗೆ ಅದು ಅಜ್ಜಿ. ಆ ಕಲ್ಲನ್ನು ಅರಿಯದ ಒಬ್ಬನ ಕಣ್ಣಿಗೆ ಅದೇನು ಎಂದು ಇಷ್ಟು ವರ್ಷ ಯಾರ ತಲೆಗೂ ಹೊಳೆಯಲಿಲ್ಲ. ನಿತ್ಯ ಗುರುತು ನೋಡಿ ನಡೆಯುವ ನಮಗೇ ಹೊಳೆಯಲಿಲ್ಲವಲ್ಲ ಅಜ್ಜಿ, ಅದನ್ನು ನೆನೆದರೆ ಊಟ ಸೇರುವುದಿಲ್ಲ.

ಅಸ್ಸೂಂತಾಳ ಮಗಳು ಲೊರೇತಾ ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು, ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಭೂಮಿ ನಡುಗಿದ ವರ್ಷ ಹೆದರಿಕೊಂಡ ತಾಯಿ ಅವಳನ್ನು ಕರಾವಳಿಯ ಸೋದರತ್ತೆಯ ಮನೆಗೆ ಕಳಿಸಿದಳು. ಅಲ್ಲೇ ದೋಣಿ ಕಟ್ಟುವ ಎಲ್ವಿಯೋನನ್ನು ಮದುವೆಯಾದಳು. ಕಲ್ಲಜ್ಜಿಯ ಆಚೆ ನೆಲ ಕಳಚಿರುವುದು ಅವಳಿಗೆ ಗೊತ್ತಿತ್ತು. ನಾವು ಬಣ್ಣ ಬಳಿಯಲು ಶುರುಮಾಡಿದ್ದು ಅವಳು ಹೋದ ಮೇಲೆ. ಈ ಸಲ ಇಬ್ಬರೂ ಊರಿಗೇ ವಾಪಸು ಬಂದು ನೆಲೆಸುವುದೆಂದು ನಿಶ್ಚಯಿಸಿದ್ದರು. ಅಸ್ಸೂಂತಾ ಅವರಿಗಾಗಿ ತನ್ನ ಮನೆಯ ಮಗ್ಗುಲಲ್ಲಿ ಅಡಿಪಾಯ ತೋಡಿಸಿ ಇಟ್ಟಿದ್ದಳು. ಏರುಮಂದಿಯೆಲ್ಲ ಇಳಿಯುವ ಕಾಲದಲ್ಲಿ ಇವರಿಬ್ಬರೇ ಹತ್ತುತ್ತ ಬಂದರು. ಹಬ್ಬದ ಹಿಂದಿನ ಸಂಜೆ, ಬೋರಣ್ಣ ಬಣ್ಣ ಬಳಿದು ಇಳಿದುಬಂದ ಸ್ವಲ್ಪ ಹೊತ್ತಿಗೆ, ಬಿಳಿಗತ್ತಲೆ ಕವಿಯಿತು.

ಮರುದಿನ ಎಡೆಯ ಬುಟ್ಟಿ ಹೊತ್ತು ಮೇಲೆ ಹೋದವನು ಬೋರಣ್ಣನೇ. ಮೋಡ ಹರಿದಿತ್ತು. ಲೊರೇತಾ ಕಲ್ಲುಗಳನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಕೂತಿದ್ದಳು. ಅವಳ ಕೆನ್ನೆಗೆ, ರವಿಕೆಗೆ, ಉಗುರಿಗೆಲ್ಲ ಹಸಿ ಕೆಮ್ಮಣ್ಣು. ಬೋರಣ್ಣ ಅದನ್ನು ರಕ್ತವೆಂದುಕೊಂಡು ಬುಟ್ಟಿ ಕೈಬಿಟ್ಟ. ಎಪ್ಪತ್ತೈದರ ಮುದುಕ ಅವಳನ್ನು ಬೆನ್ನಮೇಲೆ ಹೊತ್ತು ಊರಿನವರೆಗೆ ಇಳಿಸಿ ತಂದ. ಎಲ್ವಿಯೋನನ್ನು ಕಣಿವೆಯಿಂದ ತರಲು ಊರಿನ ಗಂಡಸರೆಲ್ಲ ಹೋಗಬೇಕಾಯಿತು. ನಾನು ಬಿಸಿನೀರಿನಲ್ಲಿ ಲೊರೇತಾಳ ಕೈ ತೊಳೆಯುತ್ತಿದ್ದೆ. ಅವಳು ನನ್ನ ಮುಖ ನೋಡಿ ನಮ್ಮ ಮಾತಿನಲ್ಲೇ ಹೇಳಿದಳು.

“ಕೆಂಪು ಬಿಳಿ ಕಾಣ್ತು ದೊಡ್ಡಮ್ಮ. ಇನ್ನೇನು ಮನೆ ಬಂತು ಅಂದ್ಕಂಡ್ವಿ. ಅವರು ಮುಟ್ಟಿ ಮುಂದಕ್ಕೆ ಹೋದ್ರು. ನನ್ ಕೈಗೆ ಕಲ್ಲು ಸಿಕ್ಕಮೇಲೆ ಗೊತ್ತಾಯ್ತು, ಇದು ಅಜ್ಜಿ ಅಂತ. ಕೂಗ್ದೆ. ಆಗ್ಲೇ ಅವರಿರ್ಲಿಲ್ಲ.”

ನನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ಅಂಥ ಮಾತು ಕೇಳಿರಲಿಲ್ಲ. ಕೇಳಿದ ಮೇಲೂ ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ, ಏಕೆಂದರೆ ನಿಲ್ಲಿಸಿದರೆ ಏನು ಮಾಡಬೇಕೆಂದು ತೋಚಲಿಲ್ಲ. ಕೆಮ್ಮಣ್ಣು ಉಗುರಿನ ಸಂದಿಯಿಂದ ಬೇಗ ಬಿಡುವುದಿಲ್ಲ.

ಊರವರು ಸಭೆ ಸೇರಿದರು. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಮ್ಮ ಬೋರಣ್ಣನಿಗೆ ಎದುರು ಬೈಯಲು ಒಂದು ದಾರಿ ಸಿಗುತ್ತಿತ್ತು. ಅದು ಅವರ ಅಜ್ಜಿ, ಏನು ಮಾಡಬೇಕೋ ಅವರೇ ಮಾಡಲಿ ಎಂದು ಎದ್ದುಹೋದರು. ಅಸ್ಸೂಂತಾ ಸಭೆಗೆ ಬಂದಿರಲಿಲ್ಲ. ನಾಲ್ಕು ದಿನ ಬಿಟ್ಟು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಎಂದಿನಂತೆ ಒಳಗೆ ಬಂದು ಮಣೆ ಎಳೆದುಕೊಂಡು ಕೂರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು. ಬೋರಣ್ಣನಿಗೂ ಕೇಳಿಸುವಂತೆ ನನಗೆ ಹೇಳಿದಳು.

“ಸುಣ್ಣ ಕೊಟ್ಟವಳು ನಾನೇ, ನಿಮ್ಮಜ್ಜಿ ಮೇಲೆ ನನ್ನದೇನೂ ದೂರಿಲ್ಲ ಕೆಂಚಿ. ನನ್ನ ಅಳಿಯ ಯಾವ ಗುರುತು ನಂಬಬೇಕಿತ್ತು, ಅದೊಂದು ಹೇಳು.”

ಅಷ್ಟು ಕೇಳಿ ಅವಳು ತನ್ನ ಮನೆಗೆ ಹೋದಳು. ಅಂದಿನಿಂದ ನಮ್ಮಿಬ್ಬರ ಹಿತ್ತಿಲುಗಳ ನಡುವಿನ ತಟ್ಟಿಬಾಗಿಲು ಮುಚ್ಚಿದೆ. ನನ್ನ ನೆನಪಿನಲ್ಲಿ ಅದು ಮುಚ್ಚಿದ್ದು ಇದೇ ಮೊದಲು.

ಬೋರಣ್ಣನ ವಾದವನ್ನೂ ನಿನಗೆ ತಿಳಿಸಬೇಕು, ಇಲ್ಲದಿದ್ದರೆ ಚಾಡಿ ಹೇಳಿದಂತಾಗುತ್ತದೆ. ಬಣ್ಣ ತೊಳೆದುಬಿಡೋಣ, ಕಲ್ಲು ಇರಲಿ ಎನ್ನುತ್ತಾನೆ. ಹೋಗಿ ತೊಳೆದೂ ಬಂದ. ಇಪ್ಪತ್ತು ವರ್ಷ ಕುಡಿದ ಕೆಮ್ಮಣ್ಣು ಕಲ್ಲಿನಿಂದ ಹೋಗಲಿಲ್ಲ, ಕುಡಿಯುವ ನೀರು ಮಾತ್ರ ಹಾಳಾಯಿತು. ಬಣ್ಣವೇ ಇಲ್ಲದಿದ್ದರೂ ಶಿಖರದ ಮೇಲೆ ಕಲ್ಲಿನ ಮೇಲೆ ಕಲ್ಲು ಕಂಡರೆ ದಾರಿ ತಪ್ಪಿದವನು ಏನೆಂದುಕೊಳ್ಳುತ್ತಾನೆ? ಇಲ್ಲಿಗೆ ಯಾರೋ ಬಂದಿದ್ದರು, ಇಲ್ಲಿಂದ ಮುಂದಕ್ಕೂ ಹೋಗಿದ್ದಾರೆ ಎಂದೇ ಅಲ್ಲವೇ? ಇನ್ನೊಂದು ಮಾತನ್ನೂ ಅವನು ಹೇಳುತ್ತಾನೆ. ಆ ಹುಡುಗಿ ಬದುಕಿದ್ದು ಅಜ್ಜಿಯನ್ನು ತಬ್ಬಿಕೊಂಡಿದ್ದಕ್ಕೆ, ಒಬ್ಬಳನ್ನಾದರೂ ಅಜ್ಜಿ ಹಿಡಿದುಕೊಂಡಳು ಎಂದು. ಇದು ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ನನಗೆ ಸಿಟ್ಟು ಬರುತ್ತದೆ.

ಅವನ ನಿಜವಾದ ಭಯ ಬೇರೆ. ಮಾತು ಬಿಡುವ ಮೊದಲು ಕೊನೆಯದಾಗಿ ಅವನು ಕೇಳಿದ್ದು, “ಅಜ್ಜೀನೇ ಕೆಡವಿದ್ರೆ ಆಮೇಲೆ ನಾವಿಲ್ಲಿ ಯಾರು?” ನನಗೆ ಅರ್ಥವಾಗುತ್ತದೆ. ಏರುಮಂದಿ ಹೆಚ್ಚಾದಂತೆಲ್ಲ ಈ ಸೀಮೆಯಲ್ಲಿ ಹಳಬರು ಯಾರು, ಹೊಸಬರು ಯಾರು ಎಂಬ ಲೆಕ್ಕ ಶುರುವಾಗಿದೆ. ಪಕ್ಕದ ಕಣಿವೆಯಲ್ಲಿ ಹೊರಗಿನವರೆಂದು ಹೇಳಿ ಮೂರು ಸಂಸಾರಗಳ ಮಂಜುಬಲೆ ಕಿತ್ತರು. ನಮ್ಮ ಮೈಬಣ್ಣ ನೋಡಿ ಯಾರಾದರೂ ಕೇಳಿದರೆ ಬೋರಣ್ಣ ಕಿವುಡುಬೆಟ್ಟದ ತುದಿಗೆ ಬೆರಳು ತೋರಿಸುತ್ತಾನೆ. ಇನ್ನೂರು ವರ್ಷದ ಹಿಂದೆ ನಮ್ಮಜ್ಜಿ ಕೇಳಿ ಪಡೆದ ಮನೆ ಇದು, ಸಾಕ್ಷಿ ಅಲ್ಲಿದೆ ಎಂದು. ಅವನಿಗೆ ಇರುವುದು ಅದೊಂದೇ ಸಾಕ್ಷಿ. ಅದನ್ನು ಕೆಡವಿದ ಮೇಲೆ ಯಾವ ಕಡೆ ಬೆರಳು ತೋರಿಸಬೇಕು? ನನಗೂ ಭಯವಿದೆ. ಆದರೆ ಅಸ್ಸೂಂತಾ ಹೊಸ್ತಿಲ ಆಚೆ ನಿಂತದ್ದು ಅದಕ್ಕಿಂತ ದೊಡ್ಡ ಭಯ. ಈ ಊರಿನಲ್ಲಿ ನಾವು ಯಾರು ಎಂಬುದನ್ನು ಕಲ್ಲಿಗಿಂತ ಮೊದಲು ಆ ತಟ್ಟಿಬಾಗಿಲು ಹೇಳುತ್ತಿತ್ತು.

ಇಳಿಸಿದ ಕಲ್ಲುಗಳನ್ನು ಏನು ಮಾಡುವುದೆಂದು ಬಹಳ ಯೋಚಿಸಿದೆ. ಲೊರೇತಾಳ ಅಡಿಪಾಯಕ್ಕೆ ಹಾಕಿದರೆ ನೀನು ಬೇಡಿದ ಮನೆ ಇನ್ನೊಂದು ಸಲ ಆದಂತಾಗುತ್ತದೆ ಎಂಬ ಆಸೆಯೂ ಹುಟ್ಟಿತು. ಕೇಳಿಸಲೆಂದು ತಟ್ಟಿಯ ಈಚೆಯಿಂದಲೇ ಹೇಳಿದೆ. ಬೇಡ ಎಂದಳು ಅಸ್ಸೂಂತಾ, ಅಷ್ಟೇ. ಅವಳು ಹೇಳಿದ್ದೇ ಸರಿ. ಗಂಡನನ್ನು ನುಂಗಿದ ಕಲ್ಲಿನ ಮೇಲೆ ಯಾರು ಒಲೆ ಹೂಡುತ್ತಾರೆ? ಚಂದದ ಯೋಚನೆಗಳೆಲ್ಲ ಒಳ್ಳೆಯವಲ್ಲ ಎಂದು ಈ ವಯಸ್ಸಿನಲ್ಲಿ ಕಲಿತೆ. ಹಾಗಾಗಿ ನಾಳೆ ಅವನ್ನು ಬಿಡಿಬಿಡಿಯಾಗಿ ಬೆಟ್ಟದ ಈಚೆ ಮಗ್ಗುಲಿನ ಕಲ್ಲುಗಳ ನಡುವೆ ಚೆಲ್ಲುತ್ತೇನೆ, ಕೆಂಪು ಮೋರೆ ನೆಲಕ್ಕಿರುವಂತೆ ಕವುಚಿ. ಬಿಸಿಲಿಗೂ ಕಾಣಬಾರದು, ನಮ್ಮವರಿಗೂ ಮತ್ತೆ ಸಿಗಬಾರದು. ಬೋರಣ್ಣ ಬರುವುದಿಲ್ಲವಂತೆ. ಹಾಗೆಂದು ಅವನೇನೂ ಹೇಳಿಲ್ಲ, ಇವತ್ತು ಬೆಳಗ್ಗೆ ಕುರಿ ಹೊಡೆದುಕೊಂಡು ಕೆಳಗಿನ ಹುಲ್ಲುಗಾವಲಿಗೆ ಹೊರಟುಹೋದ. ಆದರೆ ಹೋಗುವ ಮೊದಲು ಹಾರೆಯನ್ನು ಮಸೆದು ನನ್ನ ಕೋಣೆಯ ಬಾಗಿಲಿಗೆ ಒರಗಿಸಿಟ್ಟಿದ್ದಾನೆ. ಬುಡದ ಕಲ್ಲು ಆಳಕ್ಕೆ ಇಳಿದಿದೆ, ಬರಿಗೈಯಲ್ಲಿ ಏಳುವುದಿಲ್ಲ ಎಂಬುದು ಅವನಿಗೂ ಗೊತ್ತು.

ಈಗ ನನ್ನ ಬೇಡಿಕೆ. ನೀನಿನ್ನೂ ಆ ಹುಲ್ಲುಹಾಸಿನ ಮೇಲಿದ್ದರೆ, ಕಾಲು ಸೋತಿದ್ದರೆ, ಮುಖ ತೊಳೆದುಕೊಳ್ಳುವಷ್ಟು ನೀರು ಇದ್ದರೆ, ಹಾಯಾಗಿ ತೊಳೆದುಕೋ. ಅದಕ್ಕೆ ನಾನು ಬೈಯುವುದಿಲ್ಲ. ಐದು ಕಲ್ಲು ಪ್ರೀತಿಯಿಂದ ಆರಿಸು, ಒಂದರ ಮೇಲೊಂದು ಇಡು, ಬೇಡಿಕೋ, ಚಿತ್ರ ತೆಗೆಸಿಕೋ, ನಗು. ನಿನ್ನ ನಗುವೇ ನಮ್ಮ ಮನೆಯ ಗೋಡೆಗೆ ಇಷ್ಟು ವರ್ಷ ದೀಪ. ಆಮೇಲೆ ಇಳಿಯುವ ಮೊದಲು ಒಂದೊಂದಾಗಿ ಕಲ್ಲು ತೆಗೆದು, ಎಲ್ಲಿಂದ ಎತ್ತಿದ್ದೆಯೋ ಅಲ್ಲೇ ಇಟ್ಟುಬಿಡು. ನಿನ್ನ ಜೊತೆಗೆ ಬೆಟ್ಟ ಹತ್ತುವವರಿಗೂ ಹೇಳು. ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ತುದಿಯಲ್ಲಿ ಒಂದೊಂದು ಗುಡ್ಡೆ ಇಟ್ಟುಹೋಗಿದ್ದೀರಿ. ನೆಲ ನಿಂತಲ್ಲೇ ನಿಲ್ಲುತ್ತದೆ ಎಂದು ನಂಬಿದವರು ನೀವು. ಅದು ನಿಲ್ಲುವುದಿಲ್ಲ.

ಕಲ್ಲು ಉಳಿಯದಿದ್ದರೆ ನಮಗೆ ಈ ಮನೆ ಆಗುತ್ತಿತ್ತೋ ಇಲ್ಲವೋ ಎಂದು ಬೋರಣ್ಣ ಕೇಳುತ್ತಾನೆ. ಆಗುತ್ತಿತ್ತು. ಮನೆ ಬಂದದ್ದು ಕಲ್ಲಿನಿಂದಲ್ಲ. ಯಾರದೋ ತಾಯಿತಂದೆಯರ ಮಲಮೂತ್ರ ಬಳಿದು ನೀನು ಮಾಡಿದ ರಾತ್ರಿಪಾಳಿಗಳಿಂದ, ನಮ್ಮಜ್ಜ ಹೊತ್ತ ತೊಲೆಗಳಿಂದ. ಒಂದು ವೇಳೆ ಆಗದಿದ್ದರೂ ಹೋಗಲಿ. ನಾವು ಇಲ್ಲಿಗೆ ಬಾರದೆ, ಈ ಕಾಗದ ಬರೆಯಲು ನಾನೇ ಇಲ್ಲದೆ ಹೋದರೂ ಹೋಗಲಿ.

ಆಗ ಏನಾಗುತ್ತದೆಂದು ನನಗೆ ಚೆನ್ನಾಗಿ ಕಾಣುತ್ತಿದೆ. ಎಲ್ವಿಯೋ ಮತ್ತು ಲೊರೇತಾ ಬೆಟ್ಟ ಹತ್ತಿ ಬರುತ್ತಾರೆ. ಬಿಳಿಗತ್ತಲೆ ಕವಿಯುತ್ತದೆ. ಸುತ್ತ ಎಲ್ಲೂ ಕೆಂಪಿಲ್ಲ, ಬಿಳಿಯಿಲ್ಲ, ಕಲ್ಲಿನ ಮೇಲೆ ಕಲ್ಲಿಲ್ಲ. ಗುರುತು ಕಾಣದಿದ್ದರೆ ಕೂರು ಎಂದು ಲೊರೇತಾ ಹೇಳುತ್ತಾಳೆ. ಅವನು ಕೂರುತ್ತಾನೆ. ಇಬ್ಬರೂ ಒಂದೇ ಕಂಬಳಿ ಹೊದ್ದು, ಚಳಿಗೆ ಬೈದುಕೊಂಡು, ಬುತ್ತಿಯ ರೊಟ್ಟಿ ಮುರಿದು ತಿನ್ನುತ್ತಾರೆ. ಬೆಳಗ್ಗೆ ಮೋಡ ಹರಿಯುತ್ತದೆ. ಅಲ್ಲಿಂದ ನೋಡಿದರೆ ಅಸ್ಸೂಂತಾಳ ಮನೆಯ ಹೊಗೆ ಕಾಣುತ್ತದೆ.

ಇಂತು ನಿನ್ನ,
ಕೆಂಚವ್ವ